ಸಿಕ್ಕು

ವೂಚ್ ಅಂದರೆ ಇಲ್ಲಿನ ಮಾತಿನಲ್ಲಿ ದೋಣಿ.
ದೋಣಿ ಬಿಡಲು ನದಿಯಿಲ್ಲ ಈ ಊರಿನಲ್ಲಿ.
ಇದ್ದವನ್ನು ಗಿರಣಿಗಳ ಅಡಿಗೆ
ಇಟ್ಟಿಗೆಯ ಕೊಳವೆಗಳಲ್ಲಿ ಹೂತು ಬಹಳ ಕಾಲವಾಯಿತು.
ಮೇಲೆ ನಾನು, ಮೂರನೇ ಕೋಣೆಯ ಕುರ್ಚಿಯಲ್ಲಿ,
ಹತ್ತರಿಂದ ಆರು, ಸೋಮವಾರ ರಜೆ.
ಕೆಲಸ ಇಷ್ಟೇ: ಮುಟ್ಟಬೇಡಿ ಅನ್ನುವುದು,
ಕಕ್ಕಸು ಯಾವ ಕಡೆ ಎಂದು ತೋರಿಸುವುದು.

ಈ ತಿಂಗಳು ಗೋಡೆಗಳೆಲ್ಲ ಕಲಿನಾಳವು.
ಬೀಗ ಬಿದ್ದ ಗಿರಣಿಯಿಂದ ಹೆಕ್ಕಿ ತಂದಿದ್ದಾಳೆ:
ತುಕ್ಕು ತಿಂದ ಕತ್ತರಿ,
ಮೇಣದಲ್ಲಿ ಅದ್ದಿದ ಯಾರದೋ ಎಡಗಾಲಿನ ಚಪ್ಪಲಿ,
ಉಪ್ಪಿನ ಜಾಡಿಯಲ್ಲಿ ಗುಂಡಿಗಳು,
ಹಾಜರಿ ಚೀಟಿಗಳು, ಚೀಟಿಗಳ ಮೇಲೆ ಡಾಂಬರು,
ಡಾಂಬರು ಬಿರಿದಲ್ಲೆಲ್ಲ ಚಿನ್ನದ ರೇಕು.
ನಡುವೆ, ಚಾವಣಿಯಿಂದ ಇಳಿಬಿಟ್ಟ
ನಲವತ್ತು ಲಾಳಿ, ಕೆಂಪು ನೂಲಿನಲ್ಲಿ,
ಹಾಸಿಲ್ಲದೆ, ಹೊಕ್ಕಿಲ್ಲದೆ,
ಬಾಗಿಲು ತೆರೆದಾಗೊಮ್ಮೆ ತೂಗುತ್ತವೆ.
ಲಾಳಿಗೂ ಇಲ್ಲಿ ಪುಟ್ಟ ದೋಣಿ ಎಂದೇ ಹೆಸರು.
ಕೆಳಗೆ ಬರೆದಿದೆ:
ಮಿಶ್ರ ಮಾಧ್ಯಮ, ಸಿಕ್ಕ ವಸ್ತುಗಳು.

ಮೊದಲ ಸಂಜೆ ವೈನ್ ಇತ್ತು.
ಒಬ್ಬರು ಗಾಯ ಅಂದರು, ಒಬ್ಬರು ಮೌನ,
ಉದ್ದ ಶಾಲಿನವರು ‘ಗೈರುಹಾಜರಾದ ದೇಹ’ ಅಂದರು.
ಹಾಜರಿದ್ದ ನನ್ನ ದೇಹಕ್ಕೆ
ಹೊಸ ಬೂಟು ಕಚ್ಚುತ್ತಿತ್ತು.

ಗುರುವಾರ ಟಿಕೆಟ್ ಇಲ್ಲ. ಆ ದಿನ ಬಂದಳು ಗೆನೊವೆಫಾ,
ಕೈಯಲ್ಲಿ ಬೀಟ್‌ರೂಟಿನ ಚೀಲ.
ಕೆಳಗಿಟ್ಟು ಬನ್ನಿ ಎಂದೆ. ಕೇಳಲಿಲ್ಲ.
ಭುಜ ಮುಟ್ಟಿದಾಗ ತಿರುಗಿ
‘ಮುಖ ಕೊಟ್ಟು ಮಾತಾಡು ತಮ್ಮಾ,
ಮಗ್ಗ ನನ್ನ ಕಿವಿ ತಿಂದು ಮೂವತ್ತು ವರ್ಷ’ ಅಂದಳು.

ಚೀಟಿಗಳ ಮುಂದೆ ನಿಂತಳು, ಕನ್ನಡಕ ಹಣೆಗೇರಿಸಿ.
ಎರಡು ಸಾವಿರದ ಇನ್ನೂರ ಹದಿನೇಳು.
‘ನಂದು’ ಅಂದಳು, ತರಕಾರಿ ಆರಿಸುವಷ್ಟು ಸಲೀಸಾಗಿ.
ಹದಿನಾಲ್ಕು ನಿಮಿಷ ತಡ ಎಂಬ ಮುದ್ರೆ.
‘ಟ್ರಾಮು ಹಿಮದಲ್ಲಿ ನಿಂತಿತ್ತು,
ಅರ್ಧ ದಿನದ ಕೂಲಿ ಹಿಡಿದರು.
ಈಗ ನೋಡು, ಅದೇ ಹದಿನಾಲ್ಕು ನಿಮಿಷಕ್ಕೆ ಚಿನ್ನ!’
ನಕ್ಕಳು. ನಗು ನಿಂತ ಮೇಲೆ ಕೆಳಗಿನ ಬರಹ ಓದಿದಳು.
‘ಸಿಕ್ಕಿತಂತೆ.
ಸಿಗಬೇಕಾದರೆ ಕಳೆದಿರಬೇಕು.
ನಾವೇನೂ ಕಳೆದಿರಲಿಲ್ಲವಲ್ಲ,
ಒಂದು ಬೆಳಿಗ್ಗೆ ಬಂದರೆ ಗೇಟಿಗೆ ಬೀಗ.’

ನನ್ನ ಬಳಿ ಉತ್ತರವಿರಲಿಲ್ಲ.
ಅವಳೂ ಕಾಯಲಿಲ್ಲ. ಲಾಳಿಗಳ ಕೆಳಗೆ ನಿಂತು
ಕತ್ತೆತ್ತಿ ಒಂದೊಂದೇ ನೋಡತೊಡಗಿದಳು,
ಮದುವೆ ಮನೆಯಲ್ಲಿ ಪಕ್ಕದವರ ಸೀರೆ ನೋಡುವಂತಲ್ಲ,
ವೈದ್ಯರು ನಾಲಿಗೆ ನೋಡುವಂತೆ.
‘ಯಾರು ಹಾಕಿದ್ದು ಈ ಗಂಟು? ಇದು ಬೂಟಿನ ಗಂಟು.
ನೂಲಿಗೆ ಹಾಕುವುದಲ್ಲ. ಜಾರುತ್ತದೆ.’

ಚೀಲ ನೆಲಕ್ಕಿಳಿಯಿತು. ಕೈ ಮೇಲೇರಿತು.

ನಾನು ಹೇಳಬೇಕಾದದ್ದು ಒಂದೇ ಮಾತು,
ಅದಕ್ಕೇ ನನಗೆ ಸಂಬಳ.
ಹೇಳಿದೆ.
ಅವಳ ಬೆನ್ನ ಹಿಂದೆ ನಿಂತು, ಸ್ಪಷ್ಟವಾಗಿ,
ನಿಯಮದಲ್ಲಿರುವಂತೆ, ‘ದಯವಿಟ್ಟು’ ಸೇರಿಸಿ
ಹೇಳಿದೆ.

ಹೆಬ್ಬೆಟ್ಟು, ತೋರುಬೆರಳು, ನಡುವೆ ಎರಡು ತುದಿ.
ಒಂದು ಹಿಂದೆ ಸುತ್ತಿತು, ಒಂದು ಮುಂದೆ ನುಸುಳಿತು,
ನಾನು ಕಣ್ಣು ಮಿಟುಕಿಸುವಷ್ಟರಲ್ಲಿ
ಗೋಧಿ ಕಾಳಿಗಿಂತ ಸಣ್ಣದೊಂದು ಗಂಟು,
ಎಳೆದಷ್ಟೂ ಬಿಗಿ.
ಎಪ್ಪತ್ತೊಂಬತ್ತರ ಕೈ. ಅದಕ್ಕೆ ವಯಸ್ಸು ತಿಳಿದಿರಲಿಲ್ಲ.
ತೋಳಿಗೆ ತಿಳಿದಿತ್ತು:
ಏಳನೆಯದಕ್ಕೆ ನಡುಗಿ ಇಳಿಯಿತು.
ನನ್ನ ಕುರ್ಚಿಯಲ್ಲಿ ಅವಳು ಕೂತಳು, ನಾನು ನಿಂತೆ.
ಗೋಡೆಯ ಕ್ಯಾಮೆರಾ ಮಾತ್ರ
ತನ್ನ ಕೆಂಪು ಚುಕ್ಕಿ ಮಿನುಗಿಸುತ್ತಲೇ ಇತ್ತು.

ಆಮೇಲೆ ಎರಡು ಗುರುವಾರ ಬಂದು ಹೋದವು.
ಅವಳು ಬರಲಿಲ್ಲ. ಹಿಮವಿತ್ತು, ಟ್ರಾಮು ನಿಂತಿರಬಹುದು.

ನಿನ್ನೆ ಬಾಗಿಲು ಹಾಕುವ ಹೊತ್ತಿಗೆ
ಉಳಿದ ಮೂವತ್ತಮೂರರಲ್ಲಿ ಒಂದು
ಟಪ್ಪೆಂದು ನೆಲಕ್ಕೆ ಬಿತ್ತು.
ಎತ್ತಿಕೊಂಡೆ. ಅಂದುಕೊಂಡದ್ದಕ್ಕಿಂತ ಭಾರ.
ಹೆಬ್ಬೆಟ್ಟು, ತೋರುಬೆರಳು, ಹಿಂದೆ, ಮುಂದೆ,
ಮತ್ತೆ ಹಿಂದೆ.
ಬರೀ ಸಿಕ್ಕು.
ಕೊನೆಗೆ ನನಗೆ ಬರುವ ಒಂದೇ ಗಂಟು ಹಾಕಿ
ವರದಿ ಪುಸ್ತಕದಲ್ಲಿ ಬರೆದೆ: ವಿಶೇಷವೇನಿಲ್ಲ.
ಬೆಳಿಗ್ಗೆ ಬಂದವನೇ ಮೊದಲು ನೆಲ ನೋಡಿದೆ.