ಮಾಜಿ ರಾಜಧಾನಿ

ರಾಜಧಾನಿ ಎಂಬ ಪದ ತೆಗೀರಿ, ಅಂದನಂತೆ
ಗುಲಬರ್ಗಾದ ನೋಂದಣಿ ಕಚೇರಿಯ ಗುಮಾಸ್ತ,
ರಾಜಧಾನಿ ಬೆಂಗಳೂರು, ಬೀದರ ಅಲ್ಲ,
ಫಾರ್ಮಿನಲ್ಲಿ ಸುಳ್ಳು ಬರೀಬಾರದು.
ಐನೂರು ವರ್ಷ ತಡವಾಗಿ ಅರ್ಜಿ ಹಾಕಿದ್ದು ನಮ್ಮದೇ ತಪ್ಪು.
ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಪೆನ್ನು ಬಿಚ್ಚಿ,
ಮಾಜಿ ಶಾಸಕರು ಅಂತಾರಲ್ಲ, ಹಾಗೇ
ಮಾಜಿ ರಾಜಧಾನಿ ಸ್ಮಾರಕ ರಕ್ಷಣಾ ಸಂಘ
ಎಂದು ತಿದ್ದಿ, ಎರಡು ರೂಪಾಯಿ ಸ್ಟಾಂಪು ಹಚ್ಚಿ
ಸಂಜೆಯ ಬಸ್ಸಿಗೆ ಮರಳಿದರು.

ಇಷ್ಟೂ ಇದೆ ಠರಾವು ಪುಸ್ತಕದ ಮೊದಲ ಹಾಳೆಯಲ್ಲಿ.
ಅಪ್ಪನ ಅಕ್ಷರ, ಮೊದಲ ಕಾರ್ಯದರ್ಶಿಯದು,
ಶಾಯಿ ಈಗ ಚಾದ ಬಣ್ಣ.
ಹಾಜರಿದ್ದವರು: ಬಿದ್ರಿ ಕೆಲಸದ ವಸ್ತಾದ ಯಾಕೂಬ ಅಲಿ,
ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವವರು;
ಮಿಶನ್ ಆಸ್ಪತ್ರೆಯ ನರ್ಸು ಎಸ್ತೇರಮ್ಮ;
ಡ್ರಾಯಿಂಗ್ ಮಾಸ್ತರ ಗುಂಡೇರಾವ;
ಲಾರಿ ರಿಪೇರಿಯ ದರ್ಬಾರಾ ಸಿಂಗ;
ಮಡಿವಾಳರ ಮಾಣಿಕಪ್ಪ, ಹೆಬ್ಬೆಟ್ಟು.
ಖರ್ಚು: ಚಾ ಆರು. ಒಂದು ಉದ್ರಿ.

ನಕಾಶೆಯಲ್ಲಿ ಹೆಸರೂ ಇಲ್ಲದ ದರ್ವಾಜಾ ಅದು,
ಮಾಣಿಕಪ್ಪನ ಕತ್ತೆಗಳು ದಾಟುತ್ತಿದ್ದದ್ದು,
ಅದಕ್ಕೇ ಕತ್ತೆ ಬಾಗಿಲು.
ಸುಲ್ತಾನರು ಆ ಕಡೆ ಬಂದವರಲ್ಲ.
ರಸ್ತೆ ಅಗಲವಾಗಬೇಕು ಅಂದಾಗ
ಮನವಿ ಕೊಟ್ಟರು. ಹನ್ನೊಂದು. ಕನ್ನಡದಲ್ಲಿ, ಉರ್ದುವಿನಲ್ಲಿ,
ಒಂದು ಎಸ್ತೇರಮ್ಮನ ಇಂಗ್ಲಿಷಿನಲ್ಲಿ.
ಸ್ವೀಕೃತಿಯ ಮುದ್ರೆ ಹನ್ನೊಂದೂ ಚಂದ ಬಿದ್ದಿವೆ.

ಕೆಡಹುವ ಹಿಂದಿನ ರಾತ್ರಿ
ಸುಣ್ಣದ ಬಕೆಟ್ಟು, ನಿಚ್ಚಣಿಕೆ, ಸಿಂಗನ ಬ್ಯಾಟರಿ.
ಗುಂಡೇರಾವ ಒಂದೊಂದೇ ಕಲ್ಲಿಗೆ ನಂಬರು ಬರೆದರು,
ಒಂದರಿಂದ ಇನ್ನೂರಾ ಹದಿನೆಂಟು,
ಮುಂದೆಂದಾದರೂ ಹೀಗೇ ಜೋಡಿಸಬಹುದು ಅಂತ.
ಕೆಳಗೆ ನಿಂತು ಅಪ್ಪ ಬರೆದುಕೊಂಡ:
೧೭, ಎಡಗಂಬ, ಮೂಲೆ ಒಡೆದಿದೆ.
೬೩, ಕಮಾನಿನ ನಡುಗಲ್ಲು, ಹೂವು.

ನಗರಸಭೆಯ ಅಂಗಳದಲ್ಲಿ ಗುಡ್ಡೆಯಾಗಿ ಬಿದ್ದ ದರ್ವಾಜಾ
ಎರಡು ಮಳೆಗಾಲ ಕಾಯಿತು. ಆಮೇಲೆ ನಡೆಯತೊಡಗಿತು.
ಮುಂದಿನ ನಲವತ್ತು ವರ್ಷ
ಅದರ ಹಿಂದೆ ನಡೆದದ್ದೇ ಸಂಘದ ಚರಿತ್ರೆ.
೧೭: ಮೈಲೂರು, ಬಟ್ಟೆ ಒಗೆವ ಕಲ್ಲು, ನಂಬರು ಸವೆದಿದೆ.
೪೪, ೪೫: ಖಾಜಿಯವರ ಹಿತ್ತಲು, ಮೇಕೆ ಏರಿ ನಿಲ್ಲಲು.
೧೦೨: ಹೊಸ ಗುಡಿಯ ಮೆಟ್ಟಿಲು. ಕೇಳುವಂತಿಲ್ಲ.
೧೩೦: ಒಂದು ಗೋರಿಯ ತಲೆದೆಸೆ. ಕೇಳಬಾರದು.
೨೦೯: ಪಂಕ್ಚರ್ ಅಂಗಡಿ. ಕೇಳಿದೆವು, ಚಾ ಕುಡಿಸಿದ, ಕೊಡಲಿಲ್ಲ.
ಬಾಗಿಲು ಈಗ ಊರೆಲ್ಲ ಹರಡಿದೆ,
ಯಾವ ಓಣಿಗೆ ಹೋದರೂ ಒಂದಿಷ್ಟು ಅದರೊಳಗಿಂದಲೇ ಹೋಗಬೇಕು —
ಇದು ಠರಾವಲ್ಲ, ಅಂಚಿನಲ್ಲಿ
ಗುಂಡೇರಾವ ಪೆನ್ಸಿಲಿನಿಂದ ಗೀಚಿದ್ದು.
ಅಳಿಸತಕ್ಕದ್ದು ಎಂದು ಮುಂದಿನ ಸಭೆ ಠರಾಯಿಸಿದೆ.
ಅಳಿಸಿಲ್ಲ.

೬೩ರ ಎದುರು ಮಾತ್ರ ಅಪ್ಪನ ಅಕ್ಷರದಲ್ಲಿ
ವರ್ಷ ವರ್ಷವೂ ಒಂದೇ ಶಬ್ದ: ಪತ್ತೆಯಿಲ್ಲ.

ಹೋದ ಶ್ರಾವಣ, ಅವ್ವನ ಅಡುಗೆಮನೆಗೆ
ಟೈಲ್ಸ್ ಹಾಕಲು ಬಂದ ಹುಡುಗ
ನೀರಿನ ಕೊಡದ ಕೆಳಗಿನ ಕಲ್ಲು ಹೊರಳಿಸಿ
ಅಕ್ಕಾ, ಇದರ ಹೊಟ್ಟ್ಯಾಗ ಹೂ ಅದ ನೋಡ್ರಿ, ಅಂದ.
ಆರು ದಳ. ಪಕ್ಕದಲ್ಲಿ ಒಂದು ಆರು, ಒಂದು ಮೂರು,
ಸುಣ್ಣ ಹೋಗಿ ಉಳಿದ ಸುಣ್ಣದ ನೆರಳು.

ಕೇಳಲಿಕ್ಕೆ ಅಪ್ಪ ಇಲ್ಲ.
ಅದಾ? ಅಂದಳು ಅವ್ವ. ನಿನ್ನ ತೊಟ್ಟಿಲ ವರ್ಷ
ಸೈಕಲ್ ಮ್ಯಾಲ ಹೇರಿ ದೂಡಕೋತ ತಂದ್ರು. ಮಳಿ ಜೋರಿತ್ತು.
ಎಲ್ಲಾ ಹೊಂಟಾವ, ಇದೊಂದರೆ ಇರಲಿ ಅಂದ್ರು.
ಕೊಡ ಆಡ್ತಿತ್ತು, ಅದರ ಮ್ಯಾಲ ಇಟ್ಟೆ.

ಇವತ್ತು ಸಭೆ. ಹಾಜರಿ ಮೂರು.
ಕಣ್ಣು ಮಬ್ಬಾದ ಯಾಕೂಬ ವಸ್ತಾದರು
ಹೂವಿನ ಮೇಲೆ ಬೆರಳಾಡಿಸಿ, ಧೂಳನ್ನು ನಾಲಗೆಗೆ ಮುಟ್ಟಿಸಿ
ಅಸಲಿ, ಅಂದರು. ಮತ್ತೇನೂ ಅನ್ನಲಿಲ್ಲ.
ಎಸ್ತೇರಮ್ಮನ ಮೊಮ್ಮಗಳು ಚಾ ಸೋಸುತ್ತಿದ್ದಾಳೆ.
ಕಾರ್ಯದರ್ಶಿಯ ಮನೆ, ಕೊಡದ ಕೆಳಗೆ
ಎಂದು ಬರೆಯಬೇಕು ನಾನು; ಯಾವ ಕಾರ್ಯದರ್ಶಿ
ಎಂದು ಯಾರಾದರೂ ಕೇಳಿದರೆ
ನಮ್ಮಿಬ್ಬರ ಸಹಿಯೂ ಹೆಚ್ಚುಕಡಿಮೆ ಒಂದೇ ಥರ.
ಸದ್ಯ ಖರ್ಚಿನ ಕಾಲಂ ತುಂಬಿದ್ದೇನೆ:
ಚಾ ಮೂರು. ಉದ್ರಿ ಇಲ್ಲ.