ಹಾಜರಿ

ಗಾಂಧಿ ಬಜಾರಿನಲ್ಲಿ ಕೊಂಡೆ, ನಲವತ್ತು ಹೆಸರು ಹಿಡಿಸುವ
ಉದ್ದನೆ ಹಾಜರಿ ಪುಸ್ತಕ. ನಮ್ಮಲ್ಲಿ ಇಬ್ಬರೇ.
ಧಾರಿಣಿಗೆ ಹನ್ನೊಂದು, ಓಂಕಾರನಿಗೆ ಏಳು.
ಕೆಳಗೆ ಮೂವತ್ತೆಂಟು ಗೆರೆ ಸುಮ್ಮನೆ ಕೂತವು.

ಯಾಕೆ ಶಾಲೆ ಬಿಡಿಸಿದಿರಿ ಅಂದರೆ
ಒಂದು ಉತ್ತರವಿಲ್ಲ, ಐದಾರಿವೆ.
ಕೇಳಿದವರ ಮುಖ ನೋಡಿ ಒಂದನ್ನು ಕೊಡುತ್ತೇನೆ.

ಮಾಗಿಯಲ್ಲಿ ಕಾಡಿನ ಕಡೆ ಹೋಗಬೇಡಿ, ಉಣುಗು ಹತ್ತುತ್ತೆ,
ಮಂಗನ ಕಾಯಿಲೆ, ಎಂದರು ಆಶಾ ಕಾರ್ಯಕರ್ತೆ.
ಹಾಗಾಗಿ ತಾರಸಿಯೇ ಪಾಠಶಾಲೆ.
ನೀರಿನ ಟ್ಯಾಂಕಿನ ಮೇಲೆ ದಿನಾ ಆರೂವರೆಗೆ
ಮಡಿವಾಳ ಹಕ್ಕಿ. ಮೂರನೇ ಗೆರೆ ಅದಕ್ಕೆ.
ಬಂದ ದಿನ 'ಹಾ', ಬರದ ದಿನ 'ಗೈ'.
ನನ್ನ ಮಕ್ಕಳಿಗಿಂತ ಅದರ ಹಾಜರಿಯೇ ಚೆನ್ನಾಗಿತ್ತು.

ಚೈತ್ರದಲ್ಲಿ ಕೂಡ್ಲಿ. ಬಂಡೆಗಳ ಬೆನ್ನು ಸುಡುತ್ತಿತ್ತು.
ಯಾವ ನೀರು ತುಂಗೆಯದು, ಯಾವುದು ಭದ್ರೆಯದು ಎಂದು
ಓಂಕಾರ ಎರಡು ಬಾಟಲಿ ತುಂಬಿ, ಮೂಸಿ, ಕುಡಿದು,
ಕೊನೆಗೆ ಎರಡನ್ನೂ ಒಂದೇ ಕಡೆ ಸುರಿದ.
ಅದನ್ನು ಯಾವ ಪುಟದಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ನಾನು ಜಗಳೂರಿನವಳು. ಗೌಜಲು, ಗೀಜಗ, ಕಾಗೆ,
ಇಷ್ಟಕ್ಕೇ ಆಕಾಶ ಮುಗಿದಿತ್ತು ನನಗೆ.
ಪುಷ್ಯ ಮಳೆಯಲ್ಲಿ, ಹಾಲೇಶ ಜೆರಾಕ್ಸ್ ಅಂಗಡಿಯ
ಷಟರ್ ಎತ್ತುವ ಹೊತ್ತಿಗೆ, ನಾವು ಮೂವರು
ತೀರ್ಥಹಳ್ಳಿ ಬಸ್ಸಿನಲ್ಲಿ. ಅವ್ವ ಮಗಳಿಗೆ ಸೊನ್ನೆ ಟಿಕೇಟು,
ಮಗನಿಗೆ ಅರ್ಧ. "ಹಾಗಾದರೆ ನಾವು ಒಟ್ಟು ಅರ್ಧ ಜನ"
ಅಂದಳು ಧಾರಿಣಿ. ಗಣಿತ ಅಲ್ಲಿಗೆ ಮುಗಿಯಿತು.

ಮಂಡಗದ್ದೆಯಲ್ಲಿ ಸೊಂಟದ ತನಕ ಹೊಳೆಗಿಳಿದ ಮರಗಳು.
ಕೊಂಬೆ ಕೊಂಬೆಗೂ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ,
ಹೆರಿಗೆ ವಾರ್ಡಿನ ಗಲಾಟೆ, ಅದೇ ಘಾಟು.
ಗೂಡಿನಿಂದ ಒಂದು ಮರಿ ಜಾರಿ ಬಿತ್ತು.
ಕೆಂಪು ನೀರು ಅದನ್ನು ಎಳೆದೊಯ್ಯುವುದನ್ನು
ಮೂವರೂ ನೋಡಿದೆವು. ಯಾರೂ ಚಿತ್ರ ಬರೆಯಲಿಲ್ಲ.

ವಾಪಸು ಬರುವಾಗ ರಸ್ತೆ ಬದಿಯ ಧರೆಯಲ್ಲಿ ನಸುಗೆಂಪು ಹೂ,
ಹಿಂದೆ ಸಣ್ಣ ಬಾಲ. ಹೆಸರು ಗೊತ್ತಿಲ್ಲ.
ಅವತ್ತು ಮಂಗಳವಾರ, ಅದಕ್ಕೇ ಮಂಗಳವಾರದ ಹೂ ಅಂತ
ಹಳೇ ಪತ್ರಿಕೆಯ ನಡುವೆ ಇಟ್ಟು ಮೇಲೆ ಒರಳುಕಲ್ಲು ಹೇರಿದೆವು.

ಕಾರ್ತಿಕದಲ್ಲಿ ಬಾಗಿಲು ತಟ್ಟಿದವರು ಚೂಡಾಮಣಿ ಟೀಚರ್.
ಕೈಯಲ್ಲಿ ನಮೂನೆ: ಶಾಲೆಯಿಂದ ಹೊರಗುಳಿದ ಮಕ್ಕಳು.
ಕಾರಣ? ಬಡತನ, ವಲಸೆ, ಅನಾರೋಗ್ಯ, ದನ ಕಾಯುವುದು, ಇತರೆ.
ಮುಖ ನೋಡಿದೆ. ಯಾವ ಉತ್ತರವೂ ಬರಲಿಲ್ಲ.
ಬಿಸಿಲಲ್ಲಿ ಬಂದವರು, ನೀರು ಕೊಟ್ಟೆ.
ಲೋಟ ಹಿಡಿದುಕೊಂಡೇ ಅವರು
ಮೇಜಿನ ಮೇಲಿನ ಒಣ ಹೂವಿಗೆ ಬಗ್ಗಿದರು.

"ಅಯ್ಯೋ, ಕರ್ಣಕುಂಡಲ! ನಾವು ಹೊಸನಗರದ ಕಡೆಯವರು,
ಚಿಕ್ಕವರಿದ್ದಾಗ ಕಿವಿಗೆ ಅಂಟಿಸಿಕೊಂಡು ಮೆರೀತಿದ್ವಿ.
ಕಾಯಿ ಮುಟ್ಟಿ ನೋಡಲಿಲ್ವಾ? ಬಲಿತಿದ್ರೆ
ಪಟ್ ಅಂತ ಸಿಡಿಯುತ್ತೆ, ಬೀಜ ಮುಖಕ್ಕೇ ಹಾರುತ್ತೆ."

ಮುಟ್ಟಬಾರದು, ನೋಡಬೇಕು ಎಂದು
ಪಾಠ ಮಾಡಿದ್ದವಳು ನಾನೇ.
ಧಾರಿಣಿ ನನ್ನ ಕಡೆ ತಿರುಗಲಿಲ್ಲ, ಅದೊಂದು ದಯೆ.

ಗೇಟಿನ ತನಕ ಹಿಂದೆ ಹೋದ ಓಂಕಾರ ಕೇಳಿದ,
"ಶಾಲೇಲಿ ನಿಜವಾಗ್ಲೂ ಗಂಟೆ ಹೊಡೀತಾರಾ?"
"ಹೊಡೀತಾರೆ. ಒಂದಿನ ಬಾ. ನೀನೇ ಹೊಡಿ."
ನಮೂನೆಯಲ್ಲಿ 'ಇತರೆ'ಗೆ ಗುರುತು ಹಾಕಿ
ಮುಂದಿನ ಜಾಗ ಖಾಲಿ ಬಿಟ್ಟು ಹೋದರು.

ರಾತ್ರಿ ಪುಸ್ತಕ ತೆರೆದರೆ, ಹಾವಕ್ಕಿಯ ಕೆಳಗೆ
ಹೊಸ ಗೆರೆ, ಅವನ ವಕ್ರ ಅಕ್ಷರ:
ಚೂಡಾಮಣಿ ಟೀಚರ್. ಹಾ.
ಕಂಡ ಜಾಗ, ನಮ್ಮ ಬಾಗಿಲು. ಆಹಾರ, ಒಂದು ಲೋಟ ನೀರು.
ಮತ್ತೆ ಬರುವ ತಿಂಗಳು ಎಂಬಲ್ಲಿ
ಬರೆದು, ಅಳಿಸಿ, ಬರೆದು, ಕಾಗದ ತೂತಾಗಿತ್ತು.