ಕಣ್ತಪ್ಪಿನಿಂದ

ಕಾಕ್ಸ್ ಟೌನ್ ಅಂಚೆ ಕಚೇರಿಯ ಪಾಸ್‌ಬುಕ್ ಪ್ರಿಂಟರು
ಒಂದು ವರ್ಷ ಕೆಟ್ಟು ಕೂತಿತ್ತು.
ಮುಂದಿನ ತಿಂಗಳು ಬನ್ನಿ, ಅಂದರು. ಹೋದೆ.
ಮುಂದಿನ ತಿಂಗಳು ಬನ್ನಿ, ಅಂದರು.
ಬೇಜಾರೇನಿಲ್ಲ. ಮೇಯೋ ಹಾಲ್ ಕೋರ್ಟಿನ ಹತ್ತಿರ
ಜೆರಾಕ್ಸ್ ಅಂಗಡಿ ಇಟ್ಟವಳಿಗೆ
ಮೆಷೀನುಗಳ ಮುನಿಸು ಗೊತ್ತು.
ನನ್ನ ವಿಚ್ಛೇದನದ ಆದೇಶವನ್ನೂ ನಾನೇ ಪ್ರತಿ ತೆಗೆದೆ,
ಎರಡೂ ಬದಿ, ಐದು ಸೆಟ್ಟು.
ನಡುವೆ ಒಮ್ಮೆ ಹಾಳೆ ಸಿಕ್ಕಿಕೊಂಡಿತು,
ಮುಚ್ಚಳ ತೆಗೆದು ಎಳೆದೆ. ಬಿಸಿಯಿತ್ತು.

ನಿನ್ನೆ, ಏಪ್ರಿಲ್ ಎರಡು, ಪ್ರಿಂಟರು ರಿಪೇರಿಯಾಗಿತ್ತು.
ಎಸ್ತರ್ ಮೇಡಂ ಇಂಚರಳ ಸುಕನ್ಯಾ ಪಾಸ್‌ಬುಕ್ಕನ್ನು
ಅದರ ಬಾಯಿಗಿಟ್ಟರು. ಕರಕರ ಅಗಿಯಿತು.
ಪುಟ ತಿರುಗಿಸಿದರು. ಮತ್ತೆ ಅಗಿಯಿತು.
ನಾನು ಕಟ್ಟಿದ್ದು ನನಗೆ ಗೊತ್ತು:
ಒಂಬತ್ತು ಸಲ ಹತ್ತು ಸಾವಿರ, ಆಮೇಲೆ
ಮಾರ್ಚ್ ಹನ್ನೆರಡಕ್ಕೆ, ಹಳೆಯ ಮೆಷೀನು ಮಾರಿ ಬಂದ ಹನ್ನೆರಡು ಸಾವಿರ.
ಸಾಲುಗಳು ನಿಲ್ಲಲೇ ಇಲ್ಲ.
ನಾಲ್ಕನೇ ತಾರೀಖು, ಐದು ಸಾವಿರ, ನಗದು.
ನಾಲ್ಕನೇ ತಾರೀಖು, ಐದು ಸಾವಿರ, ನಗದು.
ನಾಲ್ಕು ಭಾನುವಾರ ಬಿದ್ದರೆ, ಮೂರು.

ಐದರೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿ ತಪ್ಪುವುದಿಲ್ಲ ಎಂದು
ಊಟದ ನಡುವೆ ಪಾಠ ಹೇಳುತ್ತಿದ್ದವನು
ನನ್ನ ಲೋಕದಲ್ಲಿ ಒಬ್ಬನೇ.
ಮೂರು ವರ್ಷವಾಯಿತು ಮಾತು ನಿಂತು.
ಭಾನುವಾರ ಸಂಜೆ ಮಗಳನ್ನು ಗೇಟಿಗೆ ಬಿಟ್ಟು
ಒಂದು ಸಲ ಹಾರ್ನು. ಅಷ್ಟೇ.
ಖಾತೆಯ ನಂಬರು ಮಾತ್ರ
ಬಾಯಿಪಾಠ ಇಟ್ಟುಕೊಂಡಿದ್ದಾನೆ, ಪಾಪಿ.

‘ಒಂದೂವರೆ ಲಕ್ಷ ದಾಟಿಬಿಟ್ಟಿದೆಯಮ್ಮಾ,
ಹನ್ನೆರಡು ಸಾವಿರ ಜಾಸ್ತಿ.
ನಮ್ಮೋರೂ ನೋಡದೆ ತಗೊಂಡಿದಾರೆ.
ಜಾಸ್ತಿಗೆ ಬಡ್ಡಿ ಇಲ್ಲ, ವಾಪಸು ತಗೋಬೇಕು.’
ಜಾಸ್ತಿ ಅಂದರೆ ಯಾರದ್ದು?
‘ಕೊನೇಗೆ ಬಂದಿದ್ದು.’

ದಯಾನಂದ ಲಿಫ್ಟ್ ಮೆಕ್ಯಾನಿಕ್.
ಮದುವೆಯಾದ ಹೊಸತರಲ್ಲಿ, ರೆಸಿಡೆನ್ಸಿ ರಸ್ತೆಯ ಒಂದು ಕಟ್ಟಡದಲ್ಲಿ
ತಾನು ಜೋಡಿಸಿದ ಲಿಫ್ಟು ತೋರಿಸಿದ್ದ.
ಫಲಕದ ಮೇಲೆ ಬೆರಳಿಟ್ಟು: ಎಂಟು ಜನ,
ಐನೂರ ನಲವತ್ತನಾಲ್ಕು ಕೆ.ಜಿ.
ಮೀರಿದರೆ ಕೂಗುತ್ತೆ, ಬಾಗಿಲು ಹಾಕಲ್ಲ.
ಯಾರು ದಪ್ಪ ಯಾರು ಸಣಕಲು ಅದಕ್ಕೆ ಬೇಡ,
ಕೊನೆಗೆ ಹತ್ತಿದವರು
ಎಲ್ಲರ ಕಣ್ಣೆದುರು
ತಾವೇ ಇಳೀತಾರೆ ನೋಡು.
ನಾನು ನಕ್ಕಿದ್ದೆ.

ಅರ್ಜಿಯಲ್ಲಿ ಕಾರಣ ಅಂತೊಂದು ಗೆರೆ.
‘ಕಣ್ತಪ್ಪಿನಿಂದ ಅಂತ ಬರೀರಿ,
ಎಲ್ಲರೂ ಅದನ್ನೇ ಬರೆಯೋದು.’
ದಾರಕ್ಕೆ ಕಟ್ಟಿದ ಪೆನ್ನು ಗೆರೆಯ ಕೊನೆಗೆ ಎಟುಕಲಿಲ್ಲ,
ಹಾಳೆಯನ್ನೇ ಜರುಗಿಸಿ ಬರೆದೆ.
ಹನ್ನೆರಡು ಸಾವಿರ ಇನ್ನೊಂದು ವಾರಕ್ಕೆ
ನನ್ನ ಉಳಿತಾಯ ಖಾತೆಗೆ ಮರಳುತ್ತದಂತೆ,
ಮದುವೆಮನೆಗೆ ಹೋಗಿ
ಉಣ್ಣದೆ ಬಂದ ನೆಂಟನ ಹಾಗೆ.
ಠಸ್ಸೆ ಒತ್ತುತ್ತಾ, ತಲೆಯೆತ್ತದೆ ಎಸ್ತರ್ ಮೇಡಂ:
‘ಈ ವರ್ಷ ಇಬ್ಬರೂ ಮಾತಾಡ್ಕೊಂಡು ಕಟ್ಟಿ.’

ರಾತ್ರಿ, ಇಂಚರ ಮಲಗಿದ ಮೇಲೆ, ಫೋನು ಹಿಡಿದೆ.
ನೀವು ಅಂತ ಬರೆದೆ. ಅಳಿಸಿದೆ.
ನೀನು ಅಂತ ಬರೆದೆ,
ಅದು ಇನ್ನೂ ಹತ್ತಿರದ್ದು, ಅಳಿಸಿದೆ.
ಕೊನೆಗೆ ಯಾರನ್ನೂ ಕರೆಯದೆ ಕಳಿಸಿದೆ:
ಮಗಳ ಖಾತೆ ತುಂಬಿ ಚೆಲ್ಲಿದೆ.
ಈ ವರ್ಷ ಆ ಕಡೆಯಿಂದ ಅರವತ್ತು,
ಈ ಕಡೆಯಿಂದ ತೊಂಬತ್ತು.

ಹನ್ನೊಂದೂಕಾಲಿಗೆ ಬಂತು:
ಎಪ್ಪತ್ತೈದು, ಎಪ್ಪತ್ತೈದು?

ತಿಂಗಳಿಗೆ ಆರು ಸಾವಿರದ ಇನ್ನೂರೈವತ್ತು.
ಅವನ ಸಂಬಳ ನನಗೆ ಗೊತ್ತು.
ಕೋರ್ಟಿಗೆ ಕೊಟ್ಟ ಚೀಟಿಯನ್ನು ಜೆರಾಕ್ಸ್ ಮಾಡಿದವಳು ನಾನೇ.

ಇವತ್ತು ಮೂರು. ಬೆಳಿಗ್ಗೆಯಿಂದ ವಕೀಲರ ಸಾಲು,
ಯಾರದೋ ಆಸ್ತಿ, ಯಾರದೋ ಜಾಮೀನು.
ನಾಳೆ ಅವನು ಕಾಕ್ಸ್ ಟೌನಿಗೆ ಹೋಗುತ್ತಾನೆ,
ಚೀಟಿಯಲ್ಲಿ ಮೊತ್ತ ಬರೆಯುವ ಮುಂಚೆ
ಒಮ್ಮೆ ಫೋನು ನೋಡುತ್ತಾನೆ.
ಬೆರಳಿಗೆಲ್ಲ ಟೋನರಿನ ಕಪ್ಪು.
ಒರೆಸಿಕೊಂಡು ಬರೆಯಬೇಕು.